ಬಿಸಿನೀರು ಯಾರದು? ಅದರ ದಡದಲ್ಲಿ ಕಟ್ಟುವುದೇನು?

ಸುಳ್ಯ, ಪುತ್ತೂರಿನ ಕಡೆಯಿಂದ ಮಡಿಕೇರಿಗೆ ಕೂಲಿಗೋ ವ್ಯಾಪಾರಕ್ಕೋ ಬಂದು ನೆಲೆಸಿದವರಿಗೆ ‘ಬೆಂದ್ರ್’ ಎಂದರೇನೆಂದು ಹೇಳಿಕೊಡಬೇಕಾದುದಿಲ್ಲ. ತುಳುವಿನಲ್ಲಿ ಅದು ಬಿಸಿನೀರು. ಪುತ್ತೂರು ಪೇಟೆಯಿಂದ ಸುಮಾರು ಹದಿನೈದು ಕಿಲೋಮೀಟರು ದೂರದಲ್ಲಿ, ಇರ್ದೆ ಗ್ರಾಮದಲ್ಲಿ, ಸೀರೆ ಹೊಳೆಯ ದಡದಲ್ಲಿ ಒಂದು ಪುಟ್ಟ ಕೊಳವಿದೆ. ಸೌದೆ ಇಲ್ಲದೆ, ಒಲೆ ಇಲ್ಲದೆ, ನೆಲದೊಳಗಿಂದಲೇ ಬೆಚ್ಚಗಿನ ನೀರು ಅಲ್ಲಿ ಉಕ್ಕಿ ಬರುತ್ತದೆ. ಜನ ಅದನ್ನು ಬೆಂದ್ರು ತೀರ್ಥವೆಂದು ಕರೆದರು. ಮೈಕಡಿತ, ಚರ್ಮರೋಗ ವಾಸಿಯಾಗುತ್ತದೆಂದು ನಂಬಿ ಮಿಂದರು. ವಾಸಿಯಾಗುವುದೋ ಇಲ್ಲವೋ ಅದನ್ನು ವೈದ್ಯರು ಹೇಳಲಿ. ದಿನವಿಡೀ ಮೈಮುರಿದು ದುಡಿದವನಿಗೆ ಒಂದು ಮುಳುಗು ಬಿಸಿನೀರು ಎಷ್ಟು ಹಿತವೆಂಬುದನ್ನು ಹೇಳಲು ವೈದ್ಯರು ಬೇಕಾಗಿಲ್ಲ.

ಮಡಿಕೇರಿಯ ಪತ್ರಿಕೆಗೆ ಘಾಟಿಯ ಕೆಳಗಿನ ಕೊಳದ ಚಿಂತೆ ಏಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ಪ್ರವಾಸಿಗಳ ಕಾರು ಬೆಂಗಳೂರಿನಿಂದ ಹೊರಟರೆ ಮಡಿಕೇರಿಯಲ್ಲಿಯೇ ನಿಲ್ಲುವುದಿಲ್ಲ. ಅದೇ ಹೆದ್ದಾರಿ ಸಂಪಾಜೆ ಇಳಿದು ಸುಳ್ಯ, ಪುತ್ತೂರು ಮುಟ್ಟುತ್ತದೆ. ಪ್ರವಾಸೋದ್ಯಮ ಎಂಬ ಹೆಸರಿನಲ್ಲಿ ನಮ್ಮ ಗುಡ್ಡಗಳಿಗೆ ಏನಾಯಿತೋ ಅದೇ ನಾಳೆ ಆ ಕೊಳಕ್ಕೂ ಆಗಬಹುದು. ಬೆಟ್ಟ ಕಡಿದು ಕಟ್ಟಿದ ಕಟ್ಟಡದ ಬೆಲೆ ಏನೆಂಬುದನ್ನು ಕಂಡವರು ನಾವು. ಕಂಡವರು ಬಾಯಿ ಮುಚ್ಚಿ ಕುಳಿತರೆ ಕಾಣದವರಿಗೆ ಹೇಳುವವರು ಯಾರು?

ನೆಲದೊಳಗಿನ ಬಾಯ್ಲರು

ಮೊದಲು ಈ ನೀರು ಬಿಸಿಯಾಗುವುದು ಹೇಗೆಂದು ನೋಡೋಣ. ಅಲ್ಲಿ ಜ್ವಾಲಾಮುಖಿ ಇಲ್ಲ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತ ಇಳಿಯುತ್ತ ಬಹಳ ಆಳಕ್ಕೆ ಹೋಗುತ್ತದೆ. ಭೂಮಿಯೊಳಗೆ ಪ್ರತಿ ಕಿಲೋಮೀಟರು ಇಳಿದಂತೆ ಸುಮಾರು 25ರಿಂದ 30 ಡಿಗ್ರಿ ಸೆಲ್ಷಿಯಸ್ ಬಿಸಿ ಏರುತ್ತದೆ. ಹಾಗೆ ಕಾದ ನೀರು ಮತ್ತೊಂದು ಬಿರುಕು ಸಿಕ್ಕಿದಾಗ, ತಣ್ಣಗಾಗುವ ಮೊದಲೇ ಮೇಲಕ್ಕೆ ನುಗ್ಗಿ ಬರುತ್ತದೆ. ದೇಶದಲ್ಲಿ ಇಂಥ ಬುಗ್ಗೆಗಳು ಮುನ್ನೂರಕ್ಕೂ ಹೆಚ್ಚಿವೆ. ಹಿಮಾಚಲದ ಮಣಿಕರ್ಣದಲ್ಲಿ ಗುರುದ್ವಾರದ ಅನ್ನ, ಬೇಳೆ ಬೇಯುವುದೇ ಬುಗ್ಗೆಯ ನೀರಿನಲ್ಲಿ. ಮಹಾರಾಷ್ಟ್ರದ ವಜ್ರೇಶ್ವರಿ, ಬಂಗಾಳದ ಬಕ್ರೇಶ್ವರ, ಬಿಹಾರದ ರಾಜಗೀರ್ ಎಲ್ಲವೂ ಇದೇ ಜಾತಿಯವು. ನಮ್ಮ ರಾಜ್ಯದಲ್ಲಿ ಹೆಸರಾದುದು ಬೆಂದ್ರು ಒಂದೇ.

ಮಿಲ್ಲಿನಲ್ಲಿ ಬಾಯ್ಲರಿನ ಬಳಿ ಕೆಲಸ ಮಾಡಿದ ಕಾರ್ಮಿಕನಿಗೆ ಇದು ಕೂಡಲೇ ಅರ್ಥವಾದೀತು. ಬಾಯ್ಲರಿನಿಂದ ಯಂತ್ರಕ್ಕೆ ಹೋಗುವ ಕೊಳವೆಗೆ ನಡುವೆ ಹತ್ತು ಕಡೆ ತೂತು ಕೊರೆದರೆ ಯಂತ್ರಕ್ಕೆ ಮುಟ್ಟುವ ಹಬೆ ಎಷ್ಟು? ಬುಗ್ಗೆಯ ಸುತ್ತ ಕೊಳವೆಬಾವಿ ಕೊರೆಯುವುದೂ ಹಾಗೆಯೇ. ಮೇಲೆ ಬರಬೇಕಾದ ನೀರಿನ ಒತ್ತಡ ಕುಗ್ಗುತ್ತದೆ, ತಣ್ಣೀರು ಒಳಗೆ ಸೇರಿಕೊಳ್ಳುತ್ತದೆ, ಬಿಸಿ ಇಳಿಯುತ್ತದೆ. ಬೆಂದ್ರಿನ ಬಿಸಿ ಮೊದಲಿನಂತಿಲ್ಲ, ಸುತ್ತಲಿನ ಕೊಳವೆಬಾವಿಗಳೇ ಕಾರಣ ಎಂಬ ದೂರು ವರ್ಷಗಳಿಂದ ಕೇಳಿಬರುತ್ತಿದೆ. ಅಡಕೆ ತೋಟಕ್ಕೆ ನೀರು ಹಾಯಿಸುವ ಸಣ್ಣ ರೈತನನ್ನು ಇದಕ್ಕಾಗಿ ಬೈಯುವುದು ಸುಲಭ. ಆದರೆ ಅವನಿಗೆ ಬೇರೆ ನೀರಿನ ದಾರಿ ತೋರಿಸದೆ ಬೈಯುವುದು ನ್ಯಾಯವಲ್ಲ. ಈಗಲೇ ಹೀಗಿರುವಲ್ಲಿ, ನಾಳೆ ಐವತ್ತು ಕೋಣೆಯ, ಐವತ್ತು ಸ್ನಾನದ ತೊಟ್ಟಿಯ ರೆಸಾರ್ಟು ಎದ್ದು ತನ್ನ ಕೊಳವೆಬಾವಿಯನ್ನು ಕೊರೆದರೆ ಏನಾದೀತು? ಬಿಸಿನೀರನ್ನು ನೋಡಲು ಬಂದವರಿಗಾಗಿ ಕೊರೆದ ಬಾವಿಯೇ ಬಿಸಿನೀರನ್ನು ಕೊಂದೀತು. ಬಂಗಾರದ ಮೊಟ್ಟೆಯಿಡುವ ಕೋಳಿಯನ್ನು ಕೊಯ್ದ ಕಥೆಯನ್ನು ಮಕ್ಕಳಿಗೆ ಹೇಳುವ ನಾವು ನಮಗೆ ನಾವೇ ಅದನ್ನು ಹೇಳಿಕೊಳ್ಳುವುದು ಕಡಿಮೆ.

ನಮ್ಮ ಗುಡ್ಡಗಳು ಕಲಿಸಿದ ಪಾಠ

2018ರ ಆಗಸ್ಟನ್ನು ಮಡಿಕೇರಿಯಲ್ಲಿ ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಮಣ್ಣಿನ ಹೊಳೆಯಾಗಿ ಹರಿದುವು. ಜನ ಸತ್ತರು, ಸಾವಿರಾರು ಮಂದಿ ಮನೆಮಠ ಬಿಟ್ಟು ಪರಿಹಾರ ಕೇಂದ್ರಗಳನ್ನು ಸೇರಿದರು. ಸಂಪಾಜೆಯ ಹೆದ್ದಾರಿ ಕಡಿದುಬಿತ್ತು. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಬೆಟ್ಟ ಜಾರಿತು. ಮಳೆ ವಿಪರೀತವಾಗಿತ್ತು ನಿಜ. ಆದರೆ ಮಳೆಯೊಂದೇ ಅಪರಾಧಿಯಲ್ಲ. 2018ರ ಅನಾಹುತವನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಮನಬಂದಂತೆ ಕಡಿದುದನ್ನೂ ಕಾರಣಗಳಲ್ಲಿ ಒಂದಾಗಿ ಎಣಿಸಿದರು. ಇಳಿಜಾರಿನ ಬುಡವನ್ನು ಕಡಿದು ನೆಲ ಸಮ ಮಾಡಿ, ಅದರ ಮೇಲೆ ಕಾಂಕ್ರೀಟು ಹೊರೆ ಹೇರಿ, ನೀರು ಹರಿಯುವ ದಾರಿಗೆ ಅಡ್ಡ ಗೋಡೆ ಹಾಕಿದರೆ ಗುಡ್ಡ ಎಷ್ಟು ದಿನ ಸಹಿಸೀತು?

ಆಗ ನಷ್ಟವಾದದ್ದು ಯಾರಿಗೆ? ಪ್ರವಾಸಿಗಳಿಗೆ ಜಿಲ್ಲೆಯ ಬಾಗಿಲು ಮುಚ್ಚಿದಾಗ ದೊಡ್ಡ ರೆಸಾರ್ಟಿನ ಒಡೆಯನಿಗೆ ಬೇರೆ ಊರಿನಲ್ಲಿ ಬೇರೆ ರೆಸಾರ್ಟು ಇದ್ದೀತು. ಮಾರುಕಟ್ಟೆಯ ಬಳಿ ಜೇನು, ಕಾಳುಮೆಣಸು, ಕಾಫಿಪುಡಿ ಮಾರುವವನಿಗೆ, ಹೋಟೆಲಿನಲ್ಲಿ ತಟ್ಟೆ ತೊಳೆಯುವವನಿಗೆ, ಜೀಪು ಓಡಿಸುವವನಿಗೆ ಬೇರೆ ಊರಿಲ್ಲ, ಬೇರೆ ಅಂಗಡಿಯಿಲ್ಲ.

ಇನ್ನೊಂದು ಮಾತನ್ನು ವ್ಯಾಪಾರಿ ಮಿತ್ರರು ತಮ್ಮ ಲೆಕ್ಕದ ಪುಸ್ತಕವನ್ನೇ ಕೇಳಿ ನೋಡಲಿ. ಪ್ರವಾಸಿ ಬಂದರೆ ಸಾಕು, ವ್ಯಾಪಾರವಾಗುತ್ತದೆ ಎಂದು ನಾವು ತಿಳಿದಿದ್ದೇವೆ. ಆದರೆ ಗೋಡೆಯೊಳಗೆ ಮಲಗುವ, ಗೋಡೆಯೊಳಗೆ ಉಣ್ಣುವ, ಗೋಡೆಯೊಳಗಿನ ಅಂಗಡಿಯಲ್ಲಿ ಕೊಳ್ಳುವ ಪ್ರವಾಸಿ ನಮ್ಮ ಪೇಟೆಗೆ ಕೊಡುವುದೇನು? ದೂಳು, ಹೊಗೆ, ರಸ್ತೆಯ ಇಕ್ಕಟ್ಟು. ಹಣ ಬಂದ ಕಾರಿನಲ್ಲಿಯೇ ತಿರುಗಿ ಹೋಗುತ್ತದೆ. ಆದುದರಿಂದ ಪ್ರವಾಸಿಗಳು ಎಷ್ಟು ಮಂದಿ ಬಂದರು ಎಂದು ಎಣಿಸುವುದಕ್ಕಿಂತ, ಅವರಿಗಾಗಿ ಏನು ಕಟ್ಟಿದೆವು, ಯಾರು ಕಟ್ಟಿದರು, ಅದು ಯಾರ ಕೈಯಲ್ಲಿದೆ ಎಂದು ಎಣಿಸುವುದು ಮೇಲು.

ಮಳೆನಾಡಿಗೆ ಮಳೆನಾಡಿನ ಕಟ್ಟಡ

ಹಾಗಾದರೆ ಬೆಂದ್ರಿನ ದಡದಲ್ಲಿ ಏನನ್ನೂ ಕಟ್ಟಬಾರದೇ? ಹಾಗಲ್ಲ. ಹೆಂಗಸರಿಗೆ ಬಟ್ಟೆ ಬದಲಿಸಲು ಮರೆಯಿರುವ ಕೋಣೆ ಬೇಕು. ಕಕ್ಕಸು ಬೇಕು. ಮಳೆಯಲ್ಲಿ ನಿಲ್ಲಲು ಸೂರು ಬೇಕು. ದೂರದಿಂದ ಬಂದ ಬಡವನಿಗೆ ಒಂದು ರಾತ್ರಿ ಮಲಗಲು ಜಗಲಿ ಬೇಕು. ಪ್ರಶ್ನೆ ಇಷ್ಟೆ: ಹೇಗೆ ಕಟ್ಟುವುದು, ಎಲ್ಲಿ ಕಟ್ಟುವುದು?

ನಮ್ಮ ಇಂಜಿನಿಯರುಗಳಲ್ಲಿ ಅನೇಕರಿಗೆ ಒಂದೇ ನಕ್ಷೆ ಗೊತ್ತು. ನಾಲ್ಕು ಕಂಬ, ಮೇಲೆ ಚಪ್ಪಟೆ ಕಾಂಕ್ರೀಟು ತಾರಸಿ, ಸುತ್ತ ಗಾಜು. ಬಳ್ಳಾರಿಗೂ ಅದೇ, ಭಾಗಮಂಡಲಕ್ಕೂ ಅದೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡಿನಲ್ಲಿ ಚಪ್ಪಟೆ ತಾರಸಿ ಹಾಕುತ್ತಾರೆ. ಮೂರನೆಯ ಮಳೆಗಾಲಕ್ಕೆ ಅದು ಸೋರುತ್ತದೆ. ಆಮೇಲೆ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡು ಹೊದಿಸುತ್ತಾರೆ. ಒಂದು ಮನೆಗೆ ಎರಡು ಮಾಡು! ಮಡಿಕೇರಿಯ ಯಾವ ಬೀದಿಯಲ್ಲಿ ಬೇಕಾದರೂ ನಿಂತು ತಲೆಯೆತ್ತಿ ನೋಡಿ. ನಮ್ಮ ಅಜ್ಜಂದಿರು ಮೊದಲೇ ಇಳಿಜಾರು ಮಾಡು ಹಾಕಿದ್ದು ಅವರಿಗೆ ಬುದ್ಧಿ ಕಡಿಮೆಯಿದ್ದುದರಿಂದಲ್ಲ.

ಐನ್‌ಮನೆಯನ್ನು ನೋಡಿ. ಎತ್ತರದ ಜಗಲಿ, ಮುಂದೆ ಕಯ್ಯಾಲೆ, ಕಂಬಗಳ ನಡುವೆ ಕೂರಲು ಐಮರ, ಗೋಡೆಗೆ ಮಳೆ ಹೊಡೆಯದಂತೆ ಮುಂಚಾಚಿದ ಮಾಡು. ಅಲ್ಲಿ ಅಲಂಕಾರವೂ ಇದೆ, ಆದರೆ ಪ್ರತಿ ಅಂಗಕ್ಕೂ ಒಂದು ಕೆಲಸವಿದೆ. ಘಾಟಿಯ ಕೆಳಗಿನ ತುಳುನಾಡಿನ ಮನೆ ಬೇರೆ ತರಹದ್ದು; ಅಲ್ಲಿ ಚಳಿಯಲ್ಲ, ಸೆಕೆಯೇ ಶತ್ರು. ಆದುದರಿಂದ ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೋಗಬೇಕು, ಹೆಂಚಿನ ಸಂದಿನಲ್ಲಿ ಬಿಸಿಗಾಳಿ ಮೇಲೆ ಹೊರಬೀಳಬೇಕು. ಮಡಿಕೇರಿಯ ನಕ್ಷೆಯನ್ನು ಹಾಗೆಯೇ ಇರ್ದೆಗೆ ಇಳಿಸಿದರೂ ತಪ್ಪೇ.

ಇದು ಹಳೆಯ ಕಾಲದ ಹಂಬಲವಲ್ಲ, ಹೊಸ ಕಾಲದ ಶಾಸ್ತ್ರ. ಹಿಟ್ಲರನ ಜರ್ಮನಿಯಿಂದ ಓಡಿಬಂದ ಯಹೂದಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಇಲ್ಲಿಯ ಬಿಸಿಲು, ಇಲ್ಲಿಯ ಗಾಳಿ ನೋಡಿ ಕಟ್ಟುವುದನ್ನು ಕಲಿತರು. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕಲಿಸುವ ವಿಭಾಗವನ್ನೇ ನಡೆಸಿ, 1974ರಲ್ಲಿ ಅದರ ಕೈಪಿಡಿಯನ್ನು ಹೊರತಂದರು. ಜಗತ್ತು ಓದಿದ ಪಾಠದ ಬೀಜ ನಮ್ಮ ನಾಡಿನಲ್ಲಿ ಮೊಳೆಯಿತು. ನಾವು ಮಾತ್ರ ಗಾಜಿನ ಪೆಟ್ಟಿಗೆ ಕಟ್ಟಿ ಅದರೊಳಗೆ ತಂಪಿನ ಯಂತ್ರ ಇಡುತ್ತಿದ್ದೇವೆ. ಇನ್ನೊಬ್ಬರು ಲಾರಿ ಬೇಕರ್. ಇಂಗ್ಲೆಂಡಿನಲ್ಲಿ ಹುಟ್ಟಿ, 1945ರಲ್ಲಿ ಭಾರತಕ್ಕೆ ಬಂದು, ಪಿಥೋರಾಗಢದ ಗುಡ್ಡದ ಜನರಿಂದ ಕಟ್ಟಡದ ವಿದ್ಯೆ ಕಲಿತು, ಆಮೇಲೆ ತಿರುವನಂತಪುರದಲ್ಲಿ ಬಡವರಿಗೆ ಎಟುಕುವ ಮನೆಗಳನ್ನು ಕಟ್ಟಿದವರು. ಇಟ್ಟಿಗೆಯನ್ನು ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ಅವರ ಗೋಡೆಗೆ ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ; ಆ ಪೊಳ್ಳು ಬಿಸಿಲನ್ನೂ ತಡೆಯುತ್ತದೆ.

ಬೆಂದ್ರಿನ ಬಳಿ ಸಾಮಗ್ರಿಗೆ ಅಲೆಯಬೇಕಾಗಿಲ್ಲ. ಮುರಕಲ್ಲು ಆ ನೆಲದ್ದೇ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ಕಂಡು ಬೆರಗಾಗಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು, ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಬುಕಾನನ್, 1807ರಲ್ಲಿ. ಸುಣ್ಣದ ಕಲ್ಲನ್ನು ಸಾವಿರದ ನಾನೂರು ಡಿಗ್ರಿಗೂ ಮೀರಿ ಸುಟ್ಟು ಸಿಮೆಂಟು ಮಾಡಬೇಕು. ಮುರಕಲ್ಲಿಗೆ ಗೂಡೂ ಬೇಡ, ಬೆಂಕಿಯೂ ಬೇಡ. ಇನ್ನು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಮಂಗಳೂರು ಹೆಂಚು ಸಮುದ್ರ ದಾಟಿ ಹೋಯಿತು. ಇಂದು ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿವೆ. ಅಲ್ಲಿ ದುಡಿಯುತ್ತಿದ್ದ ಗಂಡಸರೂ ಹೆಂಗಸರೂ ಬೇರೆ ಕೂಲಿ ಹುಡುಕಿಕೊಂಡರು. ಸರಕಾರ ತನ್ನ ಪ್ರವಾಸಿ ಕಟ್ಟಡಗಳಿಗಾದರೂ ಹೆಂಚು ಹೊದಿಸುತ್ತೇನೆಂದು ನಿರ್ಧರಿಸಿದರೆ, ಉಳಿದಿರುವ ಗೂಡುಗಳ ಬೆಂಕಿ ಆರದೆ ಉಳಿದೀತು.

ಬಿಸಿಬುಗ್ಗೆಯ ಬಳಿ ಇನ್ನೂ ಒಂದು ಕಾರಣವಿದೆ. ಇಂಥ ಬುಗ್ಗೆಗಳ ನೀರಿನಲ್ಲಿ ಗಂಧಕದ ಅಂಶವಿರುತ್ತದೆ. ಅದರ ಹಬೆಯೂ ತೇವವೂ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಹಗೆ. ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಾಂಕ್ರೀಟು ಸಿಡಿದು ಉದುರುತ್ತದೆ. ಕಲ್ಲು, ಸುಣ್ಣ, ಮರ, ಹೆಂಚುಗಳಿಗೆ ಈ ರೋಗವಿಲ್ಲ.

ಎಲ್ಲಿ ಕಟ್ಟಬೇಕೆಂಬುದು ಅದಕ್ಕಿಂತ ಮುಖ್ಯ. ಕೊಳದ ಅಂಚಿನಲ್ಲಿ ಏನೂ ಬೇಡ; ಮರಗಳಿರಲಿ, ಕಲ್ಲಿನ ಮೆಟ್ಟಿಲಿರಲಿ. ಕಕ್ಕಸು, ಅಡಿಗೆಮನೆಗಳು ಕೊಳಕ್ಕಿಂತ ಕೆಳಗಿನ ಪಾತಳಿಯಲ್ಲಿ, ದೂರದಲ್ಲಿ ಇರಲಿ. ಮಿಂದ ನೀರು ನೇರವಾಗಿ ಹೊಳೆಗೆ ಬೀಳದೆ ಬಾಳೆ, ಕೆಸುವಿನ ಪಾತಿಗಳ ಮೂಲಕ ಸೋಸಿ ಹೋಗಲಿ. ಕಾರುಗಳು ದೂರ ನಿಲ್ಲಲಿ; ಅಲ್ಲಿಂದ ನಡೆದು ಬರುವ ದಾರಿಯ ಇಬ್ಬದಿಯಲ್ಲಿ ಊರವರ ಸಣ್ಣ ಅಂಗಡಿಗಳಿರಲಿ. ನಡೆಯುವ ಗಿರಾಕಿ ನಿಲ್ಲುತ್ತಾನೆ, ನಿಂತವನು ಕೊಳ್ಳುತ್ತಾನೆ. ಕಾರಿನಲ್ಲಿ ಕೊಳದ ಬಾಯಿಗೇ ಬಂದವನು ಯಾರ ಅಂಗಡಿಯನ್ನೂ ಕಾಣುವುದಿಲ್ಲ. ಹೊಳೆದಡದ ಕಟ್ಟಡಕ್ಕೆ ಹೊಳೆಯ ಭಯವೂ ಇರಬೇಕು. 2013ರ ಜೂನಿನಲ್ಲಿ ಕೇದಾರದ ದಾರಿಯ ಗೌರಿಕುಂಡದಲ್ಲಿ ಪ್ರವಾಹ ಬಿಸಿನೀರಿನ ಕುಂಡವನ್ನೇ ಕೊಚ್ಚಿಕೊಂಡು ಹೋಯಿತು.

‘ಅಗ್ಗ’ದ ಲೆಕ್ಕ

ಹೆಂಚಿನ ಮಾಡಿಗೆ ವರ್ಷವರ್ಷ ಕೈಯಾಡಿಸಬೇಕು, ಮರ ದುಬಾರಿ, ಕಲ್ಲು ಕೆತ್ತುವ ಕೆಲಸಗಾರ ಸಿಗುವುದಿಲ್ಲ, ಕಾಂಕ್ರೀಟೇ ಅಗ್ಗ ಎನ್ನುವವರಿದ್ದಾರೆ. ಮಾತಿನಲ್ಲಿ ಸ್ವಲ್ಪ ನಿಜವಿದೆ. ಹೆಂಚಿನ ಮಾಡಿಗೆ ಆರೈಕೆ ಬೇಕು. ಆದರೆ ಆ ಆರೈಕೆಯೆಂದರೇನು? ಊರಿನ ಬಡಗಿಗೆ, ಊರಿನ ಮೇಸ್ತ್ರಿಗೆ ಪ್ರತಿ ಬೇಸಿಗೆಯಲ್ಲಿ ಕೆಲಸ. ಕಾಂಕ್ರೀಟು ಕಟ್ಟಡದ ಹಣ ಸಿಮೆಂಟು, ಕಬ್ಬಿಣ, ಗಾಜುಗಳ ಬೆಲೆಯಾಗಿ ದೂರದ ಕಾರ್ಖಾನೆಗಳಿಗೆ ಹೋಗುತ್ತದೆ. ಕಲ್ಲು ಹೆಂಚಿನ ಕಟ್ಟಡದ ಹಣದಲ್ಲಿ ದೊಡ್ಡ ಪಾಲು ಇಲ್ಲಿಯೇ ಕೂಲಿಯಾಗಿ ನಿಂತು, ಇಲ್ಲಿಯ ದಿನಸಿ ಅಂಗಡಿಗೆ ಬರುತ್ತದೆ. ತಂಪಿನ ಯಂತ್ರದ ವಿದ್ಯುತ್ ಬಿಲ್ಲನ್ನೂ ತಾರಸಿಯ ಮೇಲಿನ ಎರಡನೆಯ ಮಾಡನ್ನೂ ಸೇರಿಸಿ ಹತ್ತು ವರ್ಷದ ಲೆಕ್ಕ ಹಾಕಿ ನೋಡಿ. ಆಗಲೂ ಅಗ್ಗವೆನಿಸಿದರೆ ಮಾತಾಡೋಣ. ಕೆತ್ತುವವರು ಸಿಗುವುದಿಲ್ಲವೆಂದರೆ ಕಲಿಸಿ. ಕೈಗಾರಿಕಾ ತರಬೇತಿ ಸಂಸ್ಥೆಗಳಿರುವುದು ಮತ್ತೇತಕ್ಕೆ?

ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಕೊಳದ ಬಾಯಿಗೇ ತಳ್ಳುಗಾಡಿ ತಂದು ನಿಲ್ಲಿಸಿ ಪ್ಲಾಸ್ಟಿಕ್ಕು ಚೀಲದಲ್ಲಿ ತಿಂಡಿ ಮಾರುವವನು ಬಂಡವಾಳಗಾರನಲ್ಲ, ನಮ್ಮವನೇ. ಸಾಬೂನು ಹಚ್ಚಿ ತೀರ್ಥದಲ್ಲಿಯೇ ಬಟ್ಟೆ ಒಗೆಯುವವನೂ, ಕುಡಿದ ಬಾಟಲಿಯನ್ನು ಬಂಡೆಯ ಮೇಲೆ ಒಡೆಯುವವನೂ ನಮ್ಮೊಳಗಿನವನೇ. ಬಡತನ ಕೊಳಕಿಗೆ ಪರವಾನಗಿಯಲ್ಲ. ಸಾರ್ವಜನಿಕರ ಸೊತ್ತು ಎಂದು ಕೂಗುವವರು ಅದನ್ನು ಕಾಯುವುದನ್ನೂ ಕಲಿಯಬೇಕು.

ಕೊಳ ಯಾರದು?

ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಗಳಿಗೆಂದೇ 1948ರಲ್ಲಿ ಕಾನೂನು ಮಾಡಿದರು. ಬುಗ್ಗೆಗಾಗಿ ನೆಲ ಕೊರೆಯಬೇಕಾದರೆ ಪ್ರಾಂತದ ರಾಜ್ಯಪಾಲರ ಅನುಮತಿ ಬೇಕು. ಇರುವ ಬುಗ್ಗೆಗೆ ಕೇಡಾಗುವಂತಿದ್ದರೆ ಅನುಮತಿ ಇಲ್ಲ. ಮತ್ಸುಯಾಮ ನಗರದ ದೋಗೊ ಎಂಬಲ್ಲಿ 1894ರಲ್ಲಿ ಕಟ್ಟಿದ ಮೂರಂತಸ್ತಿನ ಮರದ ಸ್ನಾನಗೃಹ ಇಂದಿಗೂ ಇದೆ. ಅದು ಯಾವ ಶ್ರೀಮಂತನದೂ ಅಲ್ಲ, ನಗರಸಭೆಯದು. 2019ರಿಂದ 2024ರವರೆಗೆ ಅದನ್ನು ದುರಸ್ತಿ ಮಾಡುವಾಗಲೂ ಒಂದು ಭಾಗದಲ್ಲಿ ಜನ ಮೀಯುತ್ತಲೇ ಇದ್ದರು. ಇಂಗ್ಲೆಂಡಿನ ಬಾತ್ ನಗರದಲ್ಲಿ ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ಬಿಸಿನೀರು ಉಕ್ಕುತ್ತದೆ. 1590ರಿಂದ ಆ ಬುಗ್ಗೆಗಳ ಹೊಣೆ ನಗರಾಡಳಿತದ್ದು. ಬಂಡವಾಳವೇ ದೇವರೆನ್ನುವ ದೇಶಗಳೇ ಬಿಸಿನೀರನ್ನು ಊರಿನ ಸೊತ್ತಾಗಿ ಇಟ್ಟುಕೊಂಡಿರುವಾಗ, ನಾವು ಅದನ್ನು ಗುತ್ತಿಗೆಗೆ ಕೊಡುವ ಯೋಚನೆ ಮಾಡುವುದು ಯಾವ ಜಾಣತನ?

ನೀರಿಗೆ ಬೇಲಿ ಹಾಕುವ ಕಥೆ ಈ ದೇಶಕ್ಕೆ ಹೊಸದಲ್ಲ. ಊರ ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ 1927ರ ಮಾರ್ಚಿಯಲ್ಲಿ ಡಾ. ಅಂಬೇಡ್ಕರರು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರೊಂದಿಗೆ ನಡೆಯಬೇಕಾಯಿತು. ಅಂದು ಜಾತಿಯ ಬೇಲಿ. ಇಂದು ಐನೂರು ರೂಪಾಯಿಯ ಚೀಟಿಯ ಬೇಲಿ ಬಂದರೆ ಅದೂ ಬೇಲಿಯೇ. ದುಡ್ಡಿದ್ದವನಿಗೆ ಬಿಸಿನೀರು, ಇಲ್ಲದವನಿಗೆ ಗೇಟಿನ ಹೊರಗಿನ ನೋಟ, ಇದು ಆಗಕೂಡದು.

ಆದುದರಿಂದ ನಾವು ಕೇಳುವುದು ಬಹಳವಲ್ಲ. ಬೆಂದ್ರು ತೀರ್ಥದ ಕೊಳವೂ ಅದರ ದಡವೂ ಎಂದೆಂದಿಗೂ ಸಾರ್ವಜನಿಕರದಾಗಿರಲಿ. ಯಾವ ಕಂಪೆನಿಗೂ ಗುತ್ತಿಗೆ ಬೇಡ. ಕೊಳದ ಸುತ್ತ ಎಷ್ಟು ದೂರದವರೆಗೆ ಹೊಸ ಕೊಳವೆಬಾವಿ ಕೂಡದೆಂಬುದನ್ನು ಭೂವಿಜ್ಞಾನಿಗಳು ಅಳೆದು ಹೇಳಲಿ. ಅಂತರ್ಜಲವನ್ನು ನಿಯಂತ್ರಿಸಲು 2011ರಲ್ಲಿ ರಾಜ್ಯವೇ ಮಾಡಿದ ಕಾನೂನು ಕಪಾಟಿನಲ್ಲಿ ಮಲಗಲೆಂದು ಮಾಡಿದ್ದಲ್ಲ. ಅಲ್ಲಿಯ ಸಣ್ಣ ರೈತರಿಗೆ ಮಳೆನೀರು ಇಂಗಿಸಲು, ಕಟ್ಟ ಕಟ್ಟಲು ಸರಕಾರ ನೆರವು ಕೊಡಲಿ. ನೀರಿನ ಬಿಸಿಯನ್ನು ಪ್ರತಿ ತಿಂಗಳೂ ಅಳೆದು ಪಂಚಾಯತಿಯ ಹಲಗೆಯಲ್ಲಿ ಬರೆಯಲಿ. ಏರಿತೋ ಇಳಿಯಿತೋ ಊರೇ ನೋಡಲಿ. ಅಲ್ಲಿ ಕಟ್ಟುವ ಕಟ್ಟಡ ಒಂದಂತಸ್ತನ್ನು ಮೀರದೆ, ಮುರಕಲ್ಲು, ಹೆಂಚಿನದಾಗಿ, ಸುತ್ತಲಿನ ಕೆಲಸಗಾರರ ಕೈಯಿಂದಲೇ ಏಳಲಿ. ಅಂಗಡಿಗಳನ್ನು ಊರವರ ಸಹಕಾರ ಸಂಘಕ್ಕೆ ಕೊಡಲಿ.

ಮಡಿಕೇರಿಯಲ್ಲೂ ಇದೇ ಮಾತು. ಗುಡ್ಡದ ಬುಡ ಕಡಿಯುವ ಪ್ರತಿಯೊಂದು ಕಟ್ಟಡದ ಪರವಾನಗಿ ಯಾವುದೋ ಒಂದು ಮೇಜಿನ ಮೇಲೆ ಸಹಿಯಾಗುತ್ತದೆ. ಆ ಮೇಜಿನ ಹಿಂದೆ ಕೂತವರನ್ನು ಕೂರಿಸಿದ್ದು ನಮ್ಮ ಓಟು, ನಮ್ಮ ತೆರಿಗೆ. ಮುಂದಿನ ಗ್ರಾಮಸಭೆಗೆ ಹೋಗಿ. ಯಾವ ಇಳಿಜಾರಿನಲ್ಲಿ ಯಾರಿಗೆ ಪರವಾನಗಿ ಕೊಟ್ಟಿರಿ, ನೀರು ಎಲ್ಲಿ ಹರಿಯುತ್ತದೆ ಎಂದು ಎದ್ದು ನಿಂತು ಕೇಳಿ. ಉತ್ತರವನ್ನು ನಡವಳಿಯಲ್ಲಿ ಬರೆಸಿ. ಮಳೆಗಾಲ ಬಂದಮೇಲೆ ಕೇಳಿದರೆ ಉತ್ತರ ಕೊಡುವುದು ಗುಡ್ಡ; ಆ ಉತ್ತರವನ್ನು ನಾವು ಒಮ್ಮೆ ಕೇಳಿದ್ದೇವೆ.